ಕಿರದಳ್ಳಿ ತಾಂಡಾದ ನೀರು ಮತ್ತು ನಮ್ಮ ಕೊಳವೆ ಬಾವಿಗಳು

(ಸುರಪುರ, ಶಹಾಪುರ ಭಾಗದ ಗುಡ್ಡದ ಹಳ್ಳಿಗಳ ಜನರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನೀರಿನ ಕುರಿತ ಸಭೆ ಎಂದರೆ ನಮ್ಮ ಸೀಮೆಯಲ್ಲಿ ನೀರು ಸಾಲದೆಂಬ ಮಾತಿನಿಂದಲೇ ಆರಂಭವಾಗುವುದು ವಾಡಿಕೆ. ಎಷ್ಟು ಅಡಿಗೆ ಬಿತ್ತು, ಎಷ್ಟು ಇಂಚು ಬಿತ್ತು ಎಂದು ವಿಚಾರಿಸುತ್ತೇವೆ. ಬಿದ್ದ ನೀರು ಎಂಥದು ಎಂದು ವಿಚಾರಿಸುವವರು ವಿರಳ. ಇಂದು ಆ ಎರಡನೆಯ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅದೇ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಕಡಲತೀರದ್ದಲ್ಲ, ನಮ್ಮದೇ ಮಂಗಳೂರು. ಅಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಭೂವಿಜ್ಞಾನಿಗಳು ಈ ಭಾಗದ ಶಿಲಾಪಟ್ಟಿಗೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಚಿನ್ನವಿರುವ ಕಲ್ಲಿನಲ್ಲಿ ಬಹುವೇಳೆ ಆರ್ಸೆನಿಕ್ ಮತ್ತು ಗಂಧಕ ಕೂಡಿದ ಖನಿಜವೂ ಇರುತ್ತದೆ. ನಮ್ಮ ಹಿರಿಯರು ಪಾಷಾಣವೆಂದು ಅಂಜುತ್ತಿದ್ದುದು ಈ ಆರ್ಸೆನಿಕ್ಕಿನ ಸಂಯುಕ್ತಕ್ಕೇ. ನೆಲದಾಳದಲ್ಲಿ ಇದ್ದಷ್ಟು ಕಾಲ ಅದು ಸುಮ್ಮನಿರುತ್ತದೆ. ಅಗೆದು ಮೇಲೆ ಸುರಿದ ಮೇಲೆ ಗಾಳಿ ಮಳೆಗಳಿಗೆ ಸಿಕ್ಕಿ ನಿಧಾನವಾಗಿ ಕರಗಿ ಮಣ್ಣನ್ನೂ ನೀರನ್ನೂ ಸೇರುತ್ತದೆ. ಗಣಿ ಮುಚ್ಚಿದರೂ ಈ ಕೆಲಸ ನಿಲ್ಲುವುದಿಲ್ಲ.

ಪಶ್ಚಿಮ ಬಂಗಾಳದ ಆರ್ಸೆನಿಕ್ ದುರಂತವನ್ನು ಲೋಕಕ್ಕೆ ತಿಳಿಸಿದವರಲ್ಲಿ ಪ್ರಮುಖರಾದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶವನ್ನು ಪರಿಶೀಲಿಸಿ 2013ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 59 ಕೊಳವೆ ಬಾವಿ ಮಾದರಿಗಳಲ್ಲಿ ಶೇ. 79ರಷ್ಟು, ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ಮೀರಿದ್ದವು. ಒಂದರಲ್ಲಂತೂ 303 ಇತ್ತು, ಅಂದರೆ ಮಿತಿಯ ಮೂವತ್ತು ಪಟ್ಟು. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ. 58.6 ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳು ಮೂಡಿದ್ದವು. ಅಂಗೈ, ಅಂಗಾಲು ಗಂಟುಗಟ್ಟಿ ಒರಟಾಗುವುದು, ಎದೆ ಬೆನ್ನುಗಳ ಮೇಲೆ ಕಪ್ಪು ಬಿಳಿ ಚುಕ್ಕೆಗಳು ಬೀಳುವುದು ಇದರ ಲಕ್ಷಣ. ವರ್ಷಗಟ್ಟಲೆ ಕುಡಿದ ಬಳಿಕ ಅದು ಕ್ಯಾನ್ಸರಿಗೂ ದಾರಿಯಾಗಬಹುದು. ಆ ನೀರಿಗೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ, ರುಚಿಯಲ್ಲಿಯೂ ದೋಷವಿರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ‘ಕುದಿಸಿ ಆರಿಸಿದರೆ ಎಲ್ಲ ಸರಿಹೋಗುತ್ತದೆ’ ಎಂದು ಅನೇಕರು ನಂಬಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಸಾಯುವ ವಸ್ತುಗಳಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ.

ಆರ್ಸೆನಿಕ್ ಕೆಲವು ಊರುಗಳ ಕಥೆಯಾದರೆ, ಫ್ಲೋರೈಡ್ ಇನ್ನೂ ವಿಶಾಲವಾದ ಕಥೆ. ಮಲಗಿದ ಬುದ್ಧನೆಂದು ಜನ ನೋಡಲು ಬರುವ ಶಹಾಪುರದ ಬೆಟ್ಟವೂ ನಮ್ಮ ಮನೆಗಳ ಸುತ್ತಲಿನ ಬಂಡೆಗಳೂ ಗ್ರಾನೈಟ್ ಜಾತಿಯವು. ಇಂಥ ಕಲ್ಲಿನ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಷ್ಟೂ ಅದರೊಳಗಿನ ಫ್ಲೋರೈಡ್ ಕರಗುತ್ತದೆ. ಅಜ್ಜನ ತೆರೆದ ಬಾವಿ ಆಯಾ ವರ್ಷದ ಮಳೆಯ ನೀರನ್ನು ಕೊಡುತ್ತಿತ್ತು. ಮೊಮ್ಮಗನ ಆಳದ ಬೋರು ಹಳೆಯ ನೀರನ್ನು ಎತ್ತುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಮತ್ತೂ ಹೆಚ್ಚಾದರೆ ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಹುಳಿ ಹಚ್ಚಿ ತಿಕ್ಕಿದರೆ ಆ ಗೆರೆ ಹೋಗುವುದಿಲ್ಲ. ಶಾಲೆಯ ಗುರುಗಳು ಮಕ್ಕಳಿಗೆ ‘ಹಲ್ಲುಜ್ಜುವುದಿಲ್ಲವೇನೋ’ ಎಂದು ಗದರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೂರನೆಯದಕ್ಕೆ ಕಲ್ಲನ್ನು ದೂರುವಂತಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬಂತು, ಚೀಲಗಟ್ಟಲೆ ಯೂರಿಯಾ ಬಂತು. ತಿಪ್ಪೆಗುಂಡಿ, ಶೌಚದ ಗುಂಡಿಗಳ ಪಕ್ಕದಲ್ಲಿಯೇ ಬೋರು ಕೊರೆಯಿಸುತ್ತೇವೆ. ಇವೆಲ್ಲದರಿಂದ ನೈಟ್ರೇಟ್ ಕೆಳಗಿಳಿಯುತ್ತದೆ. 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಕಲಸಿದ ಪುಡಿಹಾಲು ಹಸುಗೂಸಿಗೆ ಅಪಾಯ. ಗುಂಡಿಯಿಂದ ರೋಗಾಣುಗಳೂ ಬರುತ್ತವೆ. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿ ಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು. ಆ ವಿಷ ಎರಡು ದಿನದಲ್ಲಿ ಕೊಲ್ಲುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಇಪ್ಪತ್ತು ವರ್ಷ ಹಿಡಿಯುವ ವಿಷಕ್ಕೆ ಆ ಭಾಗ್ಯವಿಲ್ಲ.

ಪರಿಹಾರವೆಂದು ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ಅವು ಬೇಡವೆಂದು ನಾನು ಹೇಳಲಾರೆ. ಆದರೆ ನಾನು ಕಂಡ ಒಂದು ಊರಿನಲ್ಲಿ ಪೊರೆ ಬದಲಿಸದೆ ಘಟಕ ಕೆಟ್ಟು ನಿಂತಿತ್ತು, ಜನ ಹಳೆಯ ಬೋರಿಗೇ ಮರಳಿದ್ದರು. ಕೆಲಸ ಮಾಡುವ ಘಟಕಗಳಲ್ಲಿಯೂ ಹೊರಬೀಳುವ ಗಡುಸು ನೀರನ್ನು ಪಕ್ಕದ ಹಳ್ಳಕ್ಕೆ ಬಿಡುವುದುಂಟು. ಕೃಷ್ಣೆಯೂ ಭೀಮೆಯೂ ಹರಿಯುವ ಜಿಲ್ಲೆಯಲ್ಲಿ ಕುಡಿಯಲು ನದಿಯ ನೀರನ್ನೇ ಶುದ್ಧೀಕರಿಸಿ ಕೊಡುವುದು, ಬೋರನ್ನು ಬಟ್ಟೆ ಪಾತ್ರೆಗೆ ಮೀಸಲಿಡುವುದು ಸರಿಯಾದ ಕ್ರಮವೆಂಬುದು ನನ್ನ ಅಭಿಪ್ರಾಯ. ಅಪಾಯದ ಬೋರಿಗೆ ಕೆಂಪು ಬಣ್ಣ ಬಳಿದರೆ ಸಾಲದು. ಬೇಸಿಗೆಯಲ್ಲಿ ನಳ ನಿಂತಾಗ ಜನ ಎಲ್ಲಿಗೆ ಹೋಗಬೇಕೆಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ನಿರ್ಣಯಿಸಿ ಬರೆದಿಡಬೇಕು.

ಅದಕ್ಕೆ ಮುನ್ನ ಯಾವ ಬೋರಿನಲ್ಲಿ ಏನಿದೆಯೆಂದು ತಿಳಿಯಬೇಕು. ಯಾದಗಿರಿ 2009ರ ಕೊನೆಯಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳು ಹತ್ತಿರ ಬಂದಿವೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆ ಬಳಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನಲ್ಲಿ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿರಿ. ಆರ್ಸೆನಿಕ್ಕಿನ ಸಂಶಯವಿದ್ದಲ್ಲಿ ಪೆಟ್ಟಿಗೆಯನ್ನು ನಂಬಿ ಕೂಡದೆ ಪ್ರಯೋಗಾಲಯಕ್ಕೇ ಕಳುಹಿಸಿರಿ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ನಿಮ್ಮ ಊರಿನ ಎಲ್ಲ ಬೋರುಗಳ ಮಾದರಿ ತೆಗೆಯಿರಿ. ಐದು ನಿಮಿಷ ನೀರು ಹರಿಯಬಿಡಿ, ಶುಭ್ರವಾದ ಲೀಟರಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿರಿ. ರೋಗಾಣು ಪರೀಕ್ಷೆಯ ಬಾಟಲಿ ಬೇರೆ, ಅದನ್ನು ಪ್ರಯೋಗಾಲಯದಿಂದಲೇ ತರಬೇಕು, ತೊಳೆಯಬಾರದು. ಊರು, ಓಣಿ, ದಿನಾಂಕ, ಬೋರಿನ ಆಳ, ಎಷ್ಟು ಮನೆಗಳು ಅದನ್ನು ಕುಡಿಯುತ್ತವೆ ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ಫಲಿತಾಂಶ ಬಂದ ದಿನ ಅದನ್ನು ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ.