ಘಾಟಿ ಬಂದ್ರೆ ಪಿಕಪ್ ಇಲ್ಲ: ಟರ್ಬೊ ಬದಲಾಯಿಸೋ ಮುಂಚೆ ಇದನ್ನ ಕೇಳಿ



ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. "ಬ್ರೋ, ನನ್ನದು ಟರ್ಬೊ ಪೆಟ್ರೋಲ್ ಕಾರು. ಊರಲ್ಲಿ, ಹೈವೇಲಿ ಸೂಪರಾಗಿ ಓಡುತ್ತೆ. ಘಾಟಿ ಬಂದ್ರೆ ಪಿಕಪ್ಪೇ ಇಲ್ಲ. ಟರ್ಬೊ ಹೋಗಿದೆ ಅಂತಾರೆ. ನಿಜಾನಾ?" ಇದೇ ಥರದ ಪ್ರಶ್ನೆ ಇದಕ್ಕೂ ಮುಂಚೆ ಬಂದಿದೆ. ಹಾಗಾಗಿ ಇವತ್ತು ಪೂರ್ತಿ ಎಪಿಸೋಡ್ ಇದರ ಮೇಲೇನೇ.

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಬಿ.ಕಾಂ. ಆದರೆ ಕಾರಿನ ರೋಗ ಹುಡುಕೋ ಕೆಲಸ ಆಡಿಟ್ ಮಾಡೋದಕ್ಕೆ ತುಂಬಾ ಹತ್ತಿರ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ತಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತೆ, ಯಾವ ಎಂಟ್ರಿ ತಪ್ಪು ಅಂತ ಗೊತ್ತಾಗಲ್ಲ. ಚೆಕ್ ಇಂಜಿನ್ ಲೈಟೂ ಅಷ್ಟೇ. ಅದನ್ನ ನೋಡಿ ಸೀದಾ ಟರ್ಬೊ ಬದಲಾಯಿಸೋದು ಅಂದ್ರೆ ವೋಚರ್ ನೋಡದೆ ದುಡ್ಡು ಕೊಟ್ಟ ಹಾಗೆ.

ಕೆಮ್ಮಣ್ಣುಗುಂಡಿ ಯಾಕೆ ಒಳ್ಳೇ ಪರೀಕ್ಷೆ?

ಉದಾಹರಣೆಗೆ ನಮ್ಮ ಕೆಮ್ಮಣ್ಣುಗುಂಡಿ ರಸ್ತೆನೇ ತಗೊಳ್ಳೋಣ. ತರೀಕೆರೆ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕೆಮ್ಮಣ್ಣುಗುಂಡಿ 1434 ಮೀಟರ್. ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿ ಕಡೆಯಿಂದ ಏರು ಶುರುವಾಯ್ತು ಅಂದ್ರೆ ಸೆಕೆಂಡ್ ಗೇರು, ಥರ್ಡ್ ಗೇರು, ಮತ್ತೆ ತಿರುವಲ್ಲಿ ಸೆಕೆಂಡ್. ಇಂಜಿನ್ ಮೇಲೆ ಲೋಡ್ ಜಾಸ್ತಿ, ಕಾರಿನ ವೇಗ ಕಮ್ಮಿ. ಅಂದ್ರೆ ಮುಂದಿನಿಂದ ಬಡಿಯೋ ತಂಪು ಗಾಳಿನೂ ಕಮ್ಮಿ.

ಇದರ ಜೊತೆ ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ತರೀಕೆರೆಯಲ್ಲಿ ಅದು 93ರ ಆಸುಪಾಸು. ಕೆಮ್ಮಣ್ಣುಗುಂಡಿ ತಲುಪೋ ಹೊತ್ತಿಗೆ 85ರ ಹತ್ರ. ಟರ್ಬೊ ಇಲ್ಲದ ಕಾರಿಗೆ ಬೇರೆ ದಾರಿ ಇಲ್ಲ, ಗಾಳಿ ಕಮ್ಮಿ ಆದ್ರೆ ಪವರ್ ಕಮ್ಮಿ. ಟರ್ಬೊ ಇರೋ ಕಾರು ಹಾಗೆ ಸುಮ್ಮನೆ ಬಿಡಲ್ಲ. ಹೊಗೆಯ ರಭಸದಿಂದ ತಿರುಗೋ ಒಂದು ಚಕ್ರ, ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಇಂಜಿನ್‌ಗೆ ತುಂಬುತ್ತೆ. ಗಾಳಿ ತೆಳುವಾದಾಗ ಅದು ಇನ್ನೂ ಜೋರಾಗಿ ತಿರುಗಿ ಕೊರತೆಯನ್ನ ತುಂಬಿಸೋಕೆ ನೋಡುತ್ತೆ.

ಒಂದು ಲೆಕ್ಕ ನೋಡಿ. ಇಂಜಿನ್‌ಗೆ 180 ಕಿಲೋಪಾಸ್ಕಲ್ ಒತ್ತಡ ಬೇಕು ಅಂತಿಟ್ಕೊಳ್ಳಿ. ಮಂಗಳೂರಲ್ಲಿ ಟರ್ಬೊ ಗಾಳಿಯನ್ನ ಹೆಚ್ಚುಕಮ್ಮಿ 1.8 ಪಟ್ಟು ಒತ್ತಿದ್ರೆ ಸಾಕು. ಕೆಮ್ಮಣ್ಣುಗುಂಡಿಯಲ್ಲಿ 2.1 ಪಟ್ಟು ಒತ್ತಬೇಕು. ಆಗ ಪೈಪಲ್ಲಿ ಸಣ್ಣ ಬಿರುಕಿದ್ರೂ ಟರ್ಬೊಗೆ ಸರಿದೂಗಿಸೋಕೆ ಆಗಲ್ಲ. ಕೆಳಗೆ ಮುಚ್ಚಿಹೋಗಿದ್ದ ದೋಷ ಮೇಲೆ ಬಯಲಾಗುತ್ತೆ. ಆ ಕೇಳುಗರ ಪ್ರಶ್ನೆಗೆ ಅರ್ಧ ಉತ್ತರ ಇದೇ: ಕಾರು ಊರಲ್ಲಿ ಚೆನ್ನಾಗಿರಲಿಲ್ಲ, ಚೆನ್ನಾಗಿರೋ ಹಾಗೆ ಕಾಣ್ತಿತ್ತು.

95 ಸಾವಿರದ ಎಸ್ಟಿಮೇಟ್

ಈಗ ಒಂದು ನಿಜವಾದ ಕೇಸ್. ನನ್ನ ಗೆಳೆಯ ಒಬ್ಬ ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ತಗೊಂಡ, ಲೋನ್ ಮೇಲೆ. ಕಾರಿನ ಕಂಪನಿ ಹೆಸರು, ಗ್ಯಾರೇಜ್ ಹೆಸರು ಹೇಳಲ್ಲ, ಈ ಕಥೆ ಯಾವ ಕಾರಲ್ಲಿ ಬೇಕಾದ್ರೂ ನಡೆಯಬಹುದು. ಕೆಮ್ಮಣ್ಣುಗುಂಡಿ ಹತ್ತುವಾಗ ಒಂದು ತಿರುವಲ್ಲಿ ಚೆಕ್ ಇಂಜಿನ್ ಲೈಟ್ ಬಂತು, ಕಾರು ಸತ್ತ ಹಾಗಾಯ್ತು. ಹಿಂದೆ ಒಂದು ಬಸ್ಸು, ಪಕ್ಕದಲ್ಲಿ ಪ್ರಪಾತ. ಸೈಡಿಗೆ ಹಾಕಿ, ಆಫ್ ಮಾಡಿ ಆನ್ ಮಾಡಿದ್ಮೇಲೆ ಸ್ವಲ್ಪ ಎಳೀತು, ಮತ್ತೆ ಅದೇ ಕಥೆ.

ಇದಕ್ಕೆ ಲಿಂಪ್ ಮೋಡ್ ಅಂತಾರೆ. ಇಂಜಿನ್ ಕಂಪ್ಯೂಟರ್, ಅಂದ್ರೆ ಇಸಿಯು, ಕೇಳಿದಷ್ಟು ಒತ್ತಡ ಬರ್ತಿಲ್ಲ ಅಂತ ಗೊತ್ತಾದಾಗ ಇಂಜಿನ್ ಉಳಿಸೋಕೆ ಪವರ್ ಕಟ್ ಮಾಡುತ್ತೆ.

ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು. ಪಿ 0299 ಅಂತ ಕೋಡ್ ಬಂತು. "ಟರ್ಬೊ ಹೋಗಿದೆ, ₹95,000 ಆಗುತ್ತೆ" ಅಂದ್ರು. ಅವನ ಐದಾರು ತಿಂಗಳ ಇಎಂಐ ಅದು. ರಾತ್ರಿ ಫೋನ್ ಮಾಡಿ, "ಮಗಾ, ಕಾರು ಮಾರಿಬಿಡ್ಲಾ?" ಅಂದ.

ಆದರೆ ಪಿ 0299 ಅಂದ್ರೆ ಟರ್ಬೊ ಕೆಟ್ಟಿದೆ ಅಂತ ಅರ್ಥ ಅಲ್ಲ. ಬೂಸ್ಟ್ ಒತ್ತಡ ಇರಬೇಕಾದಷ್ಟು ಇಲ್ಲ ಅಂತ ಅಷ್ಟೇ ಅರ್ಥ. ಪೈಪ್ ಹರಿದಿರಬಹುದು, ಕ್ಲಿಪ್ ಸಡಿಲ ಇರಬಹುದು, ಒಂದು ವಾಲ್ವ್ ಪೂರ್ತಿ ಮುಚ್ಚದೇ ಇರಬಹುದು, ಸೆನ್ಸರ್ ಸುಳ್ಳು ಹೇಳ್ತಿರಬಹುದು, ಸೈಲೆನ್ಸರ್ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಟರ್ಬೊನೇ ಹೋಗಿರಲೂಬಹುದು. ಆರು ಜನ ಸಂಶಯದ ಪಟ್ಟಿಯಲ್ಲಿರುವಾಗ ಎಲ್ಲರಿಗಿಂತ ದುಬಾರಿ ಇರೋನನ್ನೇ ಮೊದಲು ಹಿಡಿಯೋದು ಯಾಕೆ?

ಅಗ್ಗದಿಂದ ದುಬಾರಿ ಕಡೆಗೆ

ಹಾಗಾದ್ರೆ ಯಾವ ಕ್ರಮದಲ್ಲಿ ನೋಡಬೇಕು? ದುಡ್ಡು ಖರ್ಚಾಗದ ಪರೀಕ್ಷೆಯಿಂದ ಶುರು ಮಾಡಿ.

ಮೊದಲನೇದು, ಲಕ್ಷಣ ಸರಿಯಾಗಿ ಗಮನಿಸಿ. "ಪಿಕಪ್ ಇಲ್ಲ" ಅಂದ್ರೆ ಸಾಲದು. ಯಾವ ಗೇರು, ಎಷ್ಟು ಆರ್‌ಪಿಎಂ? ಆರ್‌ಪಿಎಂ ಏರುತ್ತೆ, ಸ್ಪೀಡ್ ಏರಲ್ಲ ಅಂದ್ರೆ ಅದು ಇಂಜಿನ್ನೇ ಅಲ್ಲ, ಕ್ಲಚ್ ಜಾರ್ತಿದೆ. ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ ಒಳಗಿಂದ ಬುಸ್ ಅಂತ ಗಾಳಿ ಶಬ್ದ ಬಂದ್ರೆ ಲೀಕ್ ಇರಬಹುದು. ತಟತಟ ಅಂತ ಜರ್ಕ್ ಹೊಡೆದ್ರೆ ಮಿಸ್ಸಿಂಗ್, ಅಂದ್ರೆ ಪ್ಲಗ್ ಅಥವಾ ಕಾಯಿಲ್ ಕಡೆ ನೋಡಬೇಕು. ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ.

ಎರಡನೇದು, ಕೋಡ್ ಓದಿ, ಆದರೆ ಅಳಿಸಬೇಡಿ. ಸ್ಟೇರಿಂಗ್ ಕೆಳಗೆ ಓಬಿಡಿ ಪೋರ್ಟ್ ಇರುತ್ತೆ. ಬ್ಲೂಟೂತ್ ಅಡಾಪ್ಟರ್ ಸಾವಿರ ರೂಪಾಯಿ ಒಳಗೇ ಸಿಗುತ್ತೆ, ನಿಮ್ಮ ಫೋನೇ ಸ್ಕ್ಯಾನರ್. ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಇರುತ್ತೆ. ತೊಂದರೆ ಆದ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಶಾಖ ಎಷ್ಟಿತ್ತು ಅನ್ನೋ ದಾಖಲೆ ಅದು. ಸ್ಕ್ರೀನ್‌ಶಾಟ್ ತಗೊಳ್ಳಿ. ಕೋಡ್ ಅಳಿಸಿದ್ರೆ ಅದೂ ಹೋಗುತ್ತೆ.

ಮೂರನೇದು ನನಗೆ ತುಂಬಾ ಇಷ್ಟದ ಪರೀಕ್ಷೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಆಪ್‌ನಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಅಂದ್ರೆ ಎಂಎಪಿ ರೀಡಿಂಗ್ ನೋಡಿ. ಇಂಜಿನ್ ನಿಂತಿರೋದ್ರಿಂದ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ತರೀಕೆರೆಯಲ್ಲಿ 93 ಹತ್ರ, ಕೆಮ್ಮಣ್ಣುಗುಂಡಿಯಲ್ಲಿ 85 ಹತ್ರ. ಬೆಟ್ಟದ ಮೇಲೆ ನಿಂತು 101 ತೋರಿಸಿದ್ರೆ ಮೊದಲು ಸೆನ್ಸರ್ ಮೇಲೇ ಡೌಟ್ ಪಡಿ. ಖರ್ಚು ಸೊನ್ನೆ.

ನಾಲ್ಕನೇದು, ಕಣ್ಣು ಮತ್ತು ಕೈ. ಇಂಜಿನ್ ತಣ್ಣಗಾದ ಮೇಲೆ ಏರ್ ಫಿಲ್ಟರ್ ತೆಗೆದು ನೋಡಿ. ಕೆಮ್ಮಣ್ಣುಗುಂಡಿ ಅನ್ನೋ ಹೆಸರಲ್ಲೇ ಕೆಂಪು ಮಣ್ಣಿದೆ. ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗ್ತಿದ್ದ ಜಾಗ ಇದು. ಬೇಸಿಗೆಯಲ್ಲಿ ಕಚ್ಚಾ ರಸ್ತೆ ಸುತ್ತಿದ್ರೆ ಫಿಲ್ಟರ್ ಬಣ್ಣನೇ ಬದಲಾಗಿರುತ್ತೆ. ಆಮೇಲೆ ಟರ್ಬೊಯಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗೋ ರಬ್ಬರ್ ಪೈಪುಗಳನ್ನ ಕೆಳಭಾಗದಲ್ಲೂ ಸವರಿ ನೋಡಿ. ಜಾಯಿಂಟ್‌ನಲ್ಲಿ ಎಣ್ಣೆ ಜಿಡ್ಡಿನ ಜೊತೆ ಧೂಳು ಕೂತಿದ್ರೆ ಅಲ್ಲಿಂದ ಗಾಳಿ ಹೊರಗೆ ಹೋಗ್ತಿರೋ ಸಾಧ್ಯತೆ ಇದೆ.

ಐದನೇದು, ಸ್ಮೋಕ್ ಟೆಸ್ಟ್. ಇದು ಗ್ಯಾರೇಜಲ್ಲಿ ಆಗಬೇಕು. ಪೈಪುಗಳ ಒಳಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸ್ತಾರೆ. ಬಿರುಕು ಎಲ್ಲಿದೆಯೋ ಅಲ್ಲಿಂದ ಹೊಗೆ ಹೊರಗೆ ಬರುತ್ತೆ. ವಾದ ಮಾಡೋ ಅಗತ್ಯನೇ ಇಲ್ಲ, ಕಣ್ಣಿಗೆ ಕಾಣುತ್ತೆ.

ಆರನೇದು, ಪ್ಲಗ್ ಮತ್ತು ಕಾಯಿಲ್. ಟರ್ಬೊ ಒತ್ತಡದಲ್ಲಿ ಕಿಡಿ ಹಾರೋದು ಕಷ್ಟ, ಹಾಗಾಗಿ ಪ್ಲಗ್ ಸವೆದು ಗ್ಯಾಪ್ ಜಾಸ್ತಿ ಆಗಿದ್ರೆ ಲೋಡ್ ಬಿದ್ದಾಗ ಮಾತ್ರ ಮಿಸ್ಸಿಂಗ್ ಹೊಡೆಯುತ್ತೆ. ಪಿ 0302 ಕೋಡ್ ಬಂದ್ರೆ ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ ಅಂತ. ಆ ಕಾಯಿಲನ್ನ ಮೂರನೇದರ ಜೊತೆ ಅದಲು ಬದಲು ಮಾಡಿ. ಕೋಡ್ ಪಿ 0303ಕ್ಕೆ ಹೋದ್ರೆ ಕಾಯಿಲ್ ಹಾಳಾಗಿದೆ. ಎರಡರಲ್ಲೇ ಉಳಿದ್ರೆ ಪ್ಲಗ್, ಇಂಜೆಕ್ಟರ್ ಕಡೆ ನೋಡಿ. ಒಂದು ಎಚ್ಚರಿಕೆ: ಚೆಕ್ ಇಂಜಿನ್ ಲೈಟ್ ಮಿಣುಕ್ತಿದ್ರೆ ಜೋರಾಗಿ ಮಿಸ್ ಆಗ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಆಗ ಘಾಟಿ ಹತ್ತೋ ಹಟ ಬೇಡ.

ಏಳನೇದು, ವೇಸ್ಟ್‌ಗೇಟ್ ಮತ್ತು ಡೈವರ್ಟರ್ ವಾಲ್ವ್. ವೇಸ್ಟ್‌ಗೇಟ್ ಹೆಚ್ಚಾದ ಹೊಗೆಯನ್ನ ಟರ್ಬೊ ಪಕ್ಕದಿಂದ ಬಿಡೋ ಬಾಗಿಲು. ಅದು ಪೂರ್ತಿ ಮುಚ್ಚದಿದ್ರೆ ಒತ್ತಡ ಬೆಳೆಯಲ್ಲ. ಡೈವರ್ಟರ್ ವಾಲ್ವ್‌ನ ಒಳಗಿನ ಪದರ ಹರಿದಿದ್ರೂ ಅದೇ ಗತಿ.

ಇವೆಲ್ಲ ಆದ ಮೇಲೇ ಟರ್ಬೊ. ಪೈಪ್ ಬಿಚ್ಚಿ, ಚಕ್ರದ ದಂಡ ಎಷ್ಟು ಅಲುಗುತ್ತೆ, ರೆಕ್ಕೆಗಳು ಗೋಡೆಗೆ ಉಜ್ಜಿವೆಯಾ, ಎಣ್ಣೆ ಸೋರಿದೆಯಾ ಅಂತ ನೋಡ್ತಾರೆ. ಅದರಲ್ಲಿ ದೋಷ ಕಂಡ್ರೆ ಧೈರ್ಯವಾಗಿ ಬದಲಾಯಿಸಿ. ಆದರೆ ಯಾಕೆ ಹೋಯ್ತು ಅಂತಾನೂ ಕೇಳಿ. ಆಯಿಲ್ ಸರಿಯಾಗಿ ತಲುಪದೇ ಹೋಗಿದ್ರೆ ಹೊಸ ಟರ್ಬೊನೂ ಹಾಗೇ ಹೋಗುತ್ತೆ.

ಆಮೇಲೆ ಏನಾಯ್ತು?

ಗೆಳೆಯನ ಕಾರಲ್ಲಿ ಎಂಎಪಿ ಸೆನ್ಸರ್ ಸರಿಯಾಗೇ ಇತ್ತು. ಅದೇ ಘಾಟಿಯಲ್ಲಿ ಅವನು ಓಡಿಸ್ದ, ನಾನು ಪಕ್ಕದ ಸೀಟಲ್ಲಿ ಫೋನ್ ಹಿಡಿದು ಕೂತೆ. ಮೇಲೆ ಹೋದ್ರೆ ನೆಟ್‌ವರ್ಕ್ ನಂಬೋಕಾಗಲ್ಲ, ಆಫ್‌ಲೈನ್‌ನಲ್ಲೂ ರೆಕಾರ್ಡ್ ಮಾಡೋ ಆಪ್ ಮೊದಲೇ ಹಾಕ್ಕೊಂಡಿರಿ. ಥರ್ಡ್ ಗೇರು, 3000 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 128 ಕಿಲೋಪಾಸ್ಕಲ್ ಬಂತು. ಲಿಂಗದಹಳ್ಳಿ ಕಡೆಯ ಸಮ ರಸ್ತೆಯಲ್ಲಿ ಅದೇ ಗೇರಲ್ಲಿ 155 ಇತ್ತು.

ಈ ಎರಡು ಸಂಖ್ಯೆ ಹಿಡ್ಕೊಂಡು ಬೇರೆ ಗ್ಯಾರೇಜಿಗೆ ಹೋದ್ವಿ. "ಅಣ್ಣ, ಮೊದಲು ಸ್ಮೋಕ್ ಟೆಸ್ಟ್ ಮಾಡಿಕೊಡಿ" ಅಂದ್ವಿ. ಹತ್ತು ನಿಮಿಷದೊಳಗೆ ಇಂಟರ್‌ಕೂಲರ್ ಹತ್ರದ ಪೈಪಿನ ಕೆಳಭಾಗದಿಂದ ಹೊಗೆ ಬಂತು. ಮೇಲಿಂದ ನೋಡಿದ್ರೆ ಗೊತ್ತೇ ಆಗದ ಬಿರುಕು. ಒತ್ತಡ ಕಮ್ಮಿ ಇದ್ದಾಗ ಮುಚ್ಚಿಕೊಳ್ಳುತ್ತೆ, ಲೋಡ್ ಬಿದ್ದಾಗ ಬಾಯಿ ಬಿಡುತ್ತೆ.

ಪೈಪ್ ಹಾಕಿದ್ವಿ. ಅದೇ ಘಾಟಿ, ಅದೇ ಗೇರು, 183 ಬಂತು. ಆದರೆ ಸಣ್ಣ ಜರ್ಕ್ ಇನ್ನೂ ಇತ್ತು. ಇಲ್ಲಿ ಆಡಿಟ್ ಪಾಠ ಕೆಲಸಕ್ಕೆ ಬರುತ್ತೆ: ಒಂದು ತಪ್ಪು ಸಿಕ್ತು ಅಂತ ಲೆಡ್ಜರ್ ಮುಚ್ಚಬಾರದು. ಪ್ಲಗ್ ಬಿಚ್ಚಿದ್ರೆ ಸವೆದುಹೋಗಿದ್ವು. ಬೂಸ್ಟ್ ಸರಿಯಾದ ಮೇಲೇನೇ ಪ್ಲಗ್‌ನ ದೌರ್ಬಲ್ಯ ಹೊರಗೆ ಬಂದಿದ್ದು. ಪೈಪು, ಪ್ಲಗ್, ಟೆಸ್ಟ್, ಕೂಲಿ ಎಲ್ಲಾ ಸೇರಿ ₹11,400. ಟರ್ಬೊ ಅದೇ ಹಳೇದು. ಕಾರು ಮಾರಲಿಲ್ಲ.

ರ್ಯಾಲಿ ಟೀಮ್‌ಗಳೂ ಗಾಳಿ ಲೆಕ್ಕನೇ ನೋಡ್ತಾರೆ

ಇದು ನಮ್ಮ ಜಿಲ್ಲೆಗೆ ಹೊಸದಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಡೆದಿದೆ. 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ ಆರ್5, 1.6 ಲೀಟರ್ ಟರ್ಬೊ ಇಂಜಿನ್. ಆ ಥರದ ಕಾರುಗಳಲ್ಲಿ ಇಂಜಿನ್‌ಗೆ ಹೋಗೋ ಅಷ್ಟೂ ಗಾಳಿ 32 ಮಿಲಿಮೀಟರ್ ಅಗಲದ ಒಂದೇ ತೂತಿನ ಮೂಲಕ ಹೋಗಬೇಕು ಅಂತ ನಿಯಮ. ಹಾಗೆ ಸಿಕ್ಕ ಗಾಳಿ ದಾರಿಯಲ್ಲಿ ಸೋರಿದ್ರೆ ಸೆಕೆಂಡುಗಳು ಹೋಗುತ್ತವೆ. ನಮಗೆ ಹೋಗೋದು ದುಡ್ಡು.

ಗ್ಯಾರೇಜಲ್ಲಿ ಏನು ಕೇಳಬೇಕು?

ಜಗಳ ಬೇಡ. ಒಳ್ಳೇ ಮೆಕ್ಯಾನಿಕ್‌ಗೆ ಒಳ್ಳೇ ಪ್ರಶ್ನೆ ಕೇಳಿದ್ರೆ ಖುಷಿನೇ ಆಗುತ್ತೆ. ಮೂರೇ ಮಾತು. "ಅಣ್ಣ, ಯಾವ ಟೆಸ್ಟ್ ಮಾಡಿ ಇದನ್ನ ಕಂಡುಹಿಡಿದ್ರಿ?" "ಕೆಟ್ಟಿರೋ ಪಾರ್ಟ್ ನನಗೆ ತೋರಿಸ್ತೀರಾ?" "ರಿಪೇರಿ ಆದ್ಮೇಲೆ ಲೋಡಲ್ಲಿ ಓಡಿಸಿ ರೀಡಿಂಗ್ ತೋರಿಸ್ತೀರಾ?" ಟೆಸ್ಟಿಗೆ ಅವರು ಕೇಳೋ ದುಡ್ಡು ಕೊಡಿ, ಅದು ಅವರ ದುಡಿಮೆ. ಟೆಸ್ಟಿಗೆ ₹1,500 ಕೊಡೋಕೆ ಹಿಂದೆಮುಂದೆ ನೋಡಿ, ಊಹೆಗೆ ₹95,000 ಕೊಡೋದು ಯಾವ ಲೆಕ್ಕ?

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಇನ್ನೊಂದು ಮಾತು. ರೀಮ್ಯಾಪ್ ಮಾಡಿಸಿದ್ದಾರಾ ಅಂತ ಕೇಳಿ. ಸ್ಟೇಜ್ 1 ಅಂತ ಸಾಫ್ಟ್‌ವೇರ್ ಹಾಕಿದ್ರೆ ಇಂಜಿನ್ ಕಂಪನಿ ಇಟ್ಟಿದ್ದಕ್ಕಿಂತ ಹೆಚ್ಚು ಬೂಸ್ಟ್ ಕೇಳುತ್ತೆ, ಹಳೇ ಪೈಪು ಪ್ಲಗ್‌ಗಳ ಮೇಲೆ ಒತ್ತಡ ಜಾಸ್ತಿ. ಟೆಸ್ಟ್ ಡ್ರೈವ್ ಸಾಧ್ಯ ಆದ್ರೆ ಏರು ರಸ್ತೆಯಲ್ಲೇ ಮಾಡಿ, ಫೋನಲ್ಲಿ ರೀಡಿಂಗ್ ಹಾಕ್ಕೊಂಡು. ಕೋಡ್ ಇತ್ತೀಚೆಗೆ ಅಳಿಸಿದ್ದಾರಾ ಅಂತ ಕಂಡುಹಿಡಿಯೋಕೆ ಆಪ್‌ನಲ್ಲಿ ರೆಡಿನೆಸ್ ಮಾನಿಟರ್ ನೋಡಿ. ಸುಮಾರು ಮಾನಿಟರ್‌ಗಳು ಇನ್ನೂ ಪೂರ್ತಿ ಆಗಿಲ್ಲ ಅಂತ ತೋರಿಸಿದ್ರೆ, ಯಾಕೆ ಅಂತ ಮಾರೋರನ್ನ ಕೇಳಿ.

ಘಾಟಿ ಹತ್ತಿ ರಾಜಭವನದ ಹತ್ರ ನಿಲ್ಲಿಸಿದ ತಕ್ಷಣ ಕೀ ತಿರುಗಿಸಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಕಾದ ಟರ್ಬೊಗೆ ಆಯಿಲ್ ಹರಿದು ಸ್ವಲ್ಪ ತಣ್ಣಗಾಗಲಿ.

ನಿಮ್ಮ ಕಾರಲ್ಲಿ ಯಾವ ಕೋಡ್ ಬಂದಿತ್ತು, ಕೊನೆಗೆ ಸಿಕ್ಕ ದೋಷ ಯಾವುದು, ವಾಯ್ಸ್ ನೋಟ್ ಕಳಿಸಿ. ಪಾರ್ಟ್ ಹೆಸರು, ಬಿಲ್ ಮೊತ್ತ ಎರಡೂ ಹೇಳಿ. ಮುಂದಿನ ಸಲ ಅವುಗಳಲ್ಲಿ ಕೆಲವನ್ನ ಒಟ್ಟಿಗೆ ಕೂತು ಬಿಚ್ಚಿ ನೋಡೋಣ. ಅಲ್ಲೀವರೆಗೂ ನಿಧಾನಕ್ಕೆ ಓಡಿಸಿ, ತಿರುವಲ್ಲಿ ಹಾರ್ನ್ ಮಾಡಿ. ನಮಸ್ಕಾರ.