ಇಂಗ್ಲಿಷಿನ ‘ಲಿ’, ಕನ್ನಡದ ‘ಆಗಿ’



‘ಹಾಡು ಇಂಪಾಗಿದೆ’ ಎನ್ನುತ್ತೇವೆ; ‘ಅವಳು ಇಂಪಾಗಿ ಹಾಡುತ್ತಾಳೆ’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ಇಂಪು ಹಾಡಿನ ಗುಣ; ಎರಡನೆಯದರಲ್ಲಿ ಅದು ಹಾಡುವ ರೀತಿ. ಎರಡಕ್ಕೂ ನಮಗೆ ಒಂದೇ ‘ಆಗಿ’ ಸಾಕು. ಇಂಗ್ಲಿಷ್ ಇಷ್ಟು ಉದಾರಿಯಲ್ಲ. ಅಲ್ಲಿ ಹಾಡು ‘ಸ್ವೀಟ್’, ಹಾಡುವುದು ‘ಸ್ವೀಟ್ಲಿ’. ನಾಮಪದವನ್ನು ಬಣ್ಣಿಸುವ ವಿಶೇಷಣಕ್ಕೆ ಒಂದು ವೇಷ, ಕ್ರಿಯೆಯನ್ನು ಬಣ್ಣಿಸುವ ಕ್ರಿಯಾವಿಶೇಷಣಕ್ಕೆ ಇನ್ನೊಂದು. ನಮ್ಮ ಮಕ್ಕಳು ಇಲ್ಲಿ ಎಡವಿದರೆ ಅದು ದಡ್ಡತನವಲ್ಲ, ತಾಯ್ನುಡಿಯ ಅಭ್ಯಾಸ.

ಮಾವಿನ ಹಣ್ಣು ರುಚಿಯಲ್ಲಿ ಸಿಹಿಯಾಗಿದೆ ಎನ್ನಲು ‘ಟೇಸ್ಟ್ಸ್ ಸ್ವೀಟ್ಲಿ’ ಎಂದು ಬರೆಯಬೇಕೆನಿಸುವುದು ಸಹಜ, ಕ್ರಿಯಾಪದದ ಪಕ್ಕದಲ್ಲಿದೆಯಲ್ಲ! ಆದರೆ ‘ಟೇಸ್ಟ್ಸ್ ಸ್ವೀಟ್’ ಎಂಬುದೇ ಸರಿ. ಸಿಹಿ ಹಣ್ಣಿನದು, ಸವಿಯುವ ಕೆಲಸದ್ದಲ್ಲ. ಇದಕ್ಕೊಂದು ಸುಲಭವಾದ ಒರೆಗಲ್ಲುಂಟು. ಕ್ರಿಯಾಪದವನ್ನು ತೆಗೆದು ಆ ಜಾಗದಲ್ಲಿ ‘ಈಸ್’ ಇಟ್ಟು ನೋಡಿ. ‘ಮ್ಯಾಂಗೋ ಈಸ್ ಸ್ವೀಟ್’: ಅರ್ಥ ಕೆಡಲಿಲ್ಲ, ಆದ್ದರಿಂದ ಅಲ್ಲಿ ವಿಶೇಷಣ. ‘ಲುಕ್’, ‘ಸ್ಮೆಲ್’, ‘ಸೌಂಡ್’, ‘ಫೀಲ್’ ಇವೂ ಹೀಗೆಯೇ. ಒಬ್ಬಾಕೆ ಕೋಪಗೊಂಡಂತೆ ಕಂಡರೆ ‘ಲುಕ್ಡ್ ಆಂಗ್ರಿ’. ಯಾರನ್ನೋ ಕೋಪದಿಂದ ದುರುಗುಟ್ಟಿ ನೋಡಿದರೆ ‘ಲುಕ್ಡ್ ಆಂಗ್ರಿಲಿ’. ಕ್ರಿಯಾಪದ ಒಂದೇ, ಕೆಲಸ ಬೇರೆ.

ಹಾಗಾದರೆ ‘ಲಿ’ ಇದ್ದುದೆಲ್ಲ ಕ್ರಿಯಾವಿಶೇಷಣವೆ? ಅಲ್ಲ. ‘ಫ್ರೆಂಡ್ಲಿ’ ವಿಶೇಷಣ. ಈ ‘ಲಿ’ಯ ಮೂಲ ದೇಹ, ಆಕಾರ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ, ಸ್ನೇಹಿತನ ರೂಪವುಳ್ಳದ್ದು ‘ಫ್ರೆಂಡ್ಲಿ’. ಹಳೆಯ ಇಂಗ್ಲಿಷಿನಲ್ಲಿ ವಿಶೇಷಣಕ್ಕೆ ‘ಎ’ಕಾರವನ್ನು ಹಚ್ಚಿಯೂ ಕ್ರಿಯಾವಿಶೇಷಣ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಆ ಸ್ವರ ಸವೆದುಹೋಯಿತು. ‘ಫಾಸ್ಟ್’, ‘ಹಾರ್ಡ್’ ಮೊದಲಾದವು ಎರಡು ಕೆಲಸಕ್ಕೂ ಒಂದೇ ರೂಪದಲ್ಲಿ ಉಳಿದುದು ಹೀಗೆ. ವಿಶೇಷಣವನ್ನು ಕ್ರಿಯಾವಿಶೇಷಣವಾಗಿ ಬಳಸುವುದು ಸಲ್ಲದೆಂದು ರಾಬರ್ಟ್ ಲೌತ್ 1762ರ ತಮ್ಮ ವ್ಯಾಕರಣದಲ್ಲಿ ವಿಧಿಸಿದರೂ ಬಳಕೆ ಪೂರ್ತಿ ಮಣಿಯಲಿಲ್ಲ. ನಮ್ಮ ರಸ್ತೆಬದಿಯ ‘ಗೋ ಸ್ಲೋ’ ಫಲಕವನ್ನು ನೋಡಿ ಯಾರೂ ನಗಬೇಕಾಗಿಲ್ಲ, ಅದು ತಪ್ಪಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಕೆಲಸಕ್ಕೆ ಅರ್ಜಿ ಬರೆಯುವ ತರುಣನೊಬ್ಬ ತಾನು ಕಷ್ಟಪಟ್ಟು ದುಡಿದೆನೆಂದು ಹೇಳಲು ‘ಹಾರ್ಡ್’ ಸಾಲದೆಂದು ಅದಕ್ಕೆ ‘ಲಿ’ ಜೋಡಿಸಿ, ‘ಐ ಹಾರ್ಡ್ಲಿ ವರ್ಕ್ಡ್’ ಎಂದನೆನ್ನಿ. ಅದರ ಅರ್ಥ, ದುಡಿದುದು ಇಲ್ಲವೆನ್ನುವಷ್ಟು ಕಡಿಮೆ! ವರ್ಷಗಳ ಶ್ರಮವನ್ನು ಒಂದು ಅಕ್ಷರ ಅಳಿಸಿಬಿಟ್ಟಿತು. ‘ಲೇಟ್’ ಎಂದರೆ ತಡವಾಗಿ. ‘ಲೇಟ್ಲಿ’ ಎಂದರೆ ಇತ್ತೀಚೆಗೆ. ಇಂಥ ಜೋಡಿಗಳನ್ನು ಸೂತ್ರದಿಂದ ಕಟ್ಟಲಾಗದು. ಒಂದೊಂದಾಗಿ ಪರಿಚಯ ಮಾಡಿಕೊಳ್ಳಬೇಕು.

ಇಂಗ್ಲಿಷ್ ಕಲಿಸುವವರಲ್ಲಿ ನನ್ನದೊಂದು ವಿನಂತಿ. ಮಗುವಿನ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು ಅದರ ಹಿಂದಿರುವ ಕನ್ನಡ ವಾಕ್ಯವನ್ನು ಕೇಳಿಸಿಕೊಳ್ಳಿ. ‘ಇಂಪು ಯಾವುದರದು, ಹಾಡಿನದೋ ಹಾಡುವುದರದೋ?’ ಎಂದು ಕನ್ನಡದಲ್ಲಿಯೇ ವಿಚಾರಿಸಿ. ಉತ್ತರ ಮಗುವಿಗೆ ಗೊತ್ತಿರುತ್ತದೆ. ಆ ವಿವೇಕವನ್ನು ಕನ್ನಡ ಅದಕ್ಕೆ ಮೊದಲೇ ಕೊಟ್ಟಿದೆ. ಇಂಗ್ಲಿಷಿನಲ್ಲಿ ಅದಕ್ಕೊಂದು ರೂಪ ದೊರಕಿಸಿಕೊಡುವುದಷ್ಟೇ ನಮ್ಮ ಕೆಲಸ.