ಕೈತಪ್ಪಿದ ಎರಡು ಪೇಟೆಂಟುಗಳು



ಬ್ಯಾಟರಿಯ ವಸ್ತುಗಳಿಗೂ ದೇಹದ ಒಳಭಾಗವನ್ನು ಚಿತ್ರವಾಗಿಸುವ ರೋಗನಿದಾನ ಯಂತ್ರಗಳಿಗೂ ಮೀಸಲಾದ ಈ ಪ್ರದರ್ಶನದ ತಿರುಳು ಪೇಟೆಂಟ್. ಹೊಸ ಆವಿಷ್ಕಾರವನ್ನು ಅನುಮತಿಯಿಲ್ಲದೆ ಬೇರೆಯವರು ತಯಾರಿಸದಂತೆ, ಮಾರದಂತೆ ತಡೆಯಲು ಸರ್ಕಾರ ನಿಗದಿತ ಅವಧಿಗೆ, ಭಾರತದಲ್ಲಾದರೆ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳಿಗೆ, ಕೊಡುವ ಹಕ್ಕು ಅದು. ಪ್ರತಿಯಾಗಿ ಆವಿಷ್ಕಾರಕರು, ಆ ವಿದ್ಯೆಯಲ್ಲಿ ಪಳಗಿದ ಯಾರೇ ಆದರೂ ಮಾಡಿನೋಡಬಹುದಾದಷ್ಟು ವಿವರವಾಗಿ ತಮ್ಮ ವಿಧಾನವನ್ನು ಬಹಿರಂಗಪಡಿಸಬೇಕು.

1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸಿ ಸುಮಾರು 4 ವೋಲ್ಟ್ ಕೊಡುವ ಧನಾಗ್ರವನ್ನು ರೂಪಿಸಿದರು. ಈ ವಸ್ತುವಿನಲ್ಲಿ ಕೋಬಾಲ್ಟ್ ಮತ್ತು ಆಮ್ಲಜನಕ ಕೂಡಿ ಪದರ ಪದರವಾಗಿದ್ದು, ನಡುವಿನ ಸಂದುಗಳಲ್ಲಿ ಲಿಥಿಯಂ ಅಯಾನುಗಳು, ಅಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ನೆಲೆಸಿರುತ್ತವೆ. ಚಾರ್ಜ್ ಮಾಡುವಾಗ ಅವು ಹೊರಬೀಳುತ್ತವೆ, ಬಳಸುವಾಗ ಮರಳುತ್ತವೆ, ಮತ್ತು ಅರ್ಧದಷ್ಟು ಲಿಥಿಯಂ ಹೊರಟುಹೋದರೂ ಪದರಗಳು ಕುಸಿಯುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಇದಕ್ಕೆ ಪೇಟೆಂಟ್ ಪಡೆಯಲು ಮುಂದಾಗಲಿಲ್ಲ. ಹಕ್ಕು ಹಾರ್ವೆಲ್‌ನ ಪರಮಾಣು ಸಂಶೋಧನಾ ಸಂಸ್ಥೆಯ ಪಾಲಾಯಿತು, ಗುಡ್‌ಇನಫ್ ಅವರಿಗೆ ರಾಯಧನ ದಕ್ಕಲಿಲ್ಲ. ಜಪಾನಿನ ಅಕಿರಾ ಯೊಶಿನೊ 1985ರಲ್ಲಿ ಈ ಧನಾಗ್ರಕ್ಕೆ ಇಂಗಾಲದ ಋಣಾಗ್ರವನ್ನು ಜೋಡಿಸಿದರು, 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಲಿಥಿಯಂ ಬ್ಯಾಟರಿಯ ಮತ್ತೊಬ್ಬ ಸಂಶೋಧಕ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಅವರೊಡನೆ ಈ ಇಬ್ಬರಿಗೂ ನೊಬೆಲ್ ಸಂದದ್ದು 2019ರಲ್ಲಿ, ಗುಡ್‌ಇನಫ್ ಅವರ 97ನೆಯ ವಯಸ್ಸಿನಲ್ಲಿ.

ದೇಹದ ಒಳಭಾಗವನ್ನು ಚಿತ್ರವಾಗಿಸುವ ಎಂಆರ್‌ಐ ಯಂತ್ರದ ಚರಿತ್ರೆಯಲ್ಲೂ ಇಂಥದ್ದೇ ಪ್ರಸಂಗವಿದೆ. ಬಲವಾದ ಕಾಂತಕ್ಷೇತ್ರದಲ್ಲಿ ದೇಹದ ನೀರಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳು ನಿರ್ದಿಷ್ಟ ಆವರ್ತನದ ರೇಡಿಯೊ ಅಲೆಗಳಿಗೆ ಸ್ಪಂದಿಸುತ್ತವೆ. ಕ್ಷೇತ್ರದ ಬಲವನ್ನು ಜಾಗದಿಂದ ಜಾಗಕ್ಕೆ ತುಸುವೇ ಬದಲಿಸಿದರೆ ಆವರ್ತನವೂ ಬದಲಾಗಿ, ಸಂಕೇತ ಹೊರಟ ಸ್ಥಳವನ್ನು ತಿಳಿಸುತ್ತದೆ. 1973ರಲ್ಲಿ ಪಾಲ್ ಲಾಟರ್ಬರ್ ಪ್ರಕಟಿಸಿದ ಈ ಸರಳ, ಅದ್ಭುತ ಉಪಾಯವನ್ನು ಪೇಟೆಂಟ್ ಮಾಡಿಸಲು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಇತ್ತ ರೇಮಂಡ್ ಡಮೇಡಿಯನ್ ನ್ಯೂಕ್ಲಿಯಸ್ಸುಗಳ ಇದೇ ಸ್ಪಂದನೆಯಿಂದ ಅಂಗಾಂಶಗಳಲ್ಲಿ ಕ್ಯಾನ್ಸರ್ ಗುರುತಿಸುವ ತಮ್ಮ ಉಪಕರಣಕ್ಕೆ 1974ರಲ್ಲೇ ಪೇಟೆಂಟ್ ಪಡೆದಿದ್ದರೂ, 2003ರ ನೊಬೆಲ್ ಲಾಟರ್ಬರ್ ಮತ್ತು ನಾಟಿಂಗ್‌ಹ್ಯಾಮ್‌ನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ಸಂದಿತು. ಪೇಟೆಂಟ್ ಕಚೇರಿಯ ಅಳತೆಗೋಲೂ ವಿಜ್ಞಾನದ ಅಳತೆಗೋಲೂ ಒಂದೇ ಅಲ್ಲ. ಆದರೂ ತಮ್ಮದೇ ಪ್ರಯೋಗಾಲಯದ ಫಲದ ಬೆಲೆಯನ್ನು ಎರಡು ದೊಡ್ಡ ವಿದ್ಯಾಸಂಸ್ಥೆಗಳು ಅರಿಯದೆ ಹೋದದ್ದು ಖೇದಕರ. ಆ ಆದಾಯದಿಂದ ಎಷ್ಟೋ ಹೊಸ ಸಂಶೋಧನೆಗಳು ನಡೆಯಬಹುದಾಗಿತ್ತು.

ಆದ್ದರಿಂದ ಇಲ್ಲಿ ಮಾದರಿಗಳನ್ನು ತಂದಿರುವ ಯುವಜನರು ಭಾರತದ 1970ರ ಪೇಟೆಂಟ್ ಕಾಯಿದೆಯ ಎರಡು ಸಂಗತಿಗಳನ್ನು ಅರಿತಿರಬೇಕು. 3ನೆಯ ಸೆಕ್ಷನ್ನಿನ ಪ್ರಕಾರ ಮನುಷ್ಯರ ರೋಗನಿದಾನದ ವಿಧಾನಕ್ಕೆ ಪೇಟೆಂಟ್ ಸಿಗದು, ಅದಕ್ಕೆ ಬಳಸುವ ಹೊಸ ಯಂತ್ರಕ್ಕೆ ಸಿಗಬಹುದು. ಅರ್ಜಿಗೆ ಮುನ್ನ ಆವಿಷ್ಕಾರವನ್ನು ಸಾರ್ವಜನಿಕವಾಗಿ ತೋರಿಸಿದರೆ ಹೊಸತನದ ಹಕ್ಕೇ ಕೈತಪ್ಪಬಹುದು. 31ನೆಯ ಸೆಕ್ಷನ್ ಕೊಡುವ 12 ತಿಂಗಳ ವಿನಾಯಿತಿ, ಪ್ರದರ್ಶನಗಳ ಮಟ್ಟಿಗೆ, ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದವುಗಳಿಗಷ್ಟೇ ಅನ್ವಯಿಸುತ್ತದೆ. ಇನ್ನೂ ಅರ್ಜಿ ಸಲ್ಲಿಸದವರು ಮಾದರಿಯ ಒಳರಚನೆಯನ್ನು ವಿವರಿಸುವ ಮೊದಲು ಪೇಟೆಂಟ್ ಏಜೆಂಟರ ಸಲಹೆ ಪಡೆಯುವುದು ಲೇಸು.

ಈ ಮಾತುಗಳೊಂದಿಗೆ ಪ್ರದರ್ಶನವು ಉದ್ಘಾಟನೆಗೊಂಡಿದೆ ಎಂದು ಘೋಷಿಸಲಾಗುತ್ತಿದೆ.